ಮೋಟಾರಿನ ನೀರಗಂಟಿ

“ಇಷ್ಟೇ ಇಷ್ಟು ಗಾಡಿ! ಇದಕ್ಕೂ ಒಬ್ಬ ಡ್ರೈವರು ಬೇಕೇನೋ?” ಎಂದು ನಮ್ಮ ತಾಯಿಯವರು ಕೇಳಿದಾಗ ಮನೆಯವರೆಲ್ಲ ನಕ್ಕೆವು. ನಕ್ಕವರಲ್ಲಿ ನಾನೂ ಒಬ್ಬನಾಗಿದ್ದರೂ, ನಿಜವನ್ನು ಹೇಳುವುದಾದರೆ, ಆ ಪ್ರಶ್ನೆಗೆ ಉತ್ತರ ನನಗೂ ತಿಳಿದಿರಲಿಲ್ಲ. ಕಾಲೇಜಿನಲ್ಲಿ ಹಳಗನ್ನಡದ ಸಂಧಿ ಸಮಾಸಗಳನ್ನು ಬಿಡಿಸಿ ಹೇಳುವುದು ನನ್ನ ಕಸುಬು. ವಿದ್ಯುತ್ತಿನ ವಿಷಯದಲ್ಲಿ ನನ್ನ ಪಾಂಡಿತ್ಯವು ಫ್ಯೂಸು ಹೋದಾಗ ಪಕ್ಕದ ಮನೆಯವರನ್ನು ಕೂಗುವಲ್ಲಿಗೆ ಮುಗಿಯುತ್ತದೆ. ಅಂಥವನು ಈಗ ಮೋಟಾರು, ಟ್ರಾನ್ಸಿಸ್ಟರುಗಳ ಮಾತನ್ನೆತ್ತಿರುವುದಕ್ಕೆ ಕಾರಣ ನನ್ನ ಅಕ್ಕನ ಮಗಳು. ಮತ್ತು ನಾನು ಅವಳಿಗೆ ಮಾಡಿದ ಒಂದು ಅನ್ಯಾಯ.

ಪುಟ್ಟಿ ಎಂಬುದು ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವ ಹೆಸರು. ಮೈಸೂರಿನ ನಮ್ಮ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಾಳೆ. ಮಂಡಿನೋವಿನಿಂದ ಹೆಚ್ಚು ಓಡಾಡಲಾರದ ಅಜ್ಜಿಗೆ ಹೊತ್ತುಹೊತ್ತಿಗೆ ಮಾತ್ರೆಯ ಡಬ್ಬಿಯನ್ನು ಒಯ್ದುಕೊಡುವ ಕೆಲಸ ಅವಳದು. ಕಳೆದ ವರ್ಷ, ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಏನಾದರೊಂದನ್ನು ಮಾಡಿಕೊಂಡು ಬರಬೇಕೆಂದರು. ಅಡಿಗೆಮನೆಯಿಂದ ಅಜ್ಜಿಯ ಮಂಚದವರೆಗೆ ನೆಲದ ಮೇಲೆ ಕಪ್ಪು ಟೇಪನ್ನು ಅಂಟಿಸಿ, ಆ ಗೆರೆಯನ್ನೇ ಹಿಡಿದು ತಾನಾಗಿ ಡಬ್ಬಿಯನ್ನು ಹೊತ್ತೊಯ್ಯುವ ಗಾಡಿಯೊಂದನ್ನು ಕಟ್ಟುತ್ತೇನೆಂದು ಅವಳು ಹೊರಟಳು.

ಇಂಥ ಯಂತ್ರಕ್ಕೆ ರೋಬಾಟ್ ಎಂದು ಹೆಸರು. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಲೋಕಕ್ಕೆ ಬಂದ ಶಬ್ದವಿದು. ಅದನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ ‘ರೋಬೋತಾ’ ಎಂದರೆ ಒಡೆಯನಿಗಾಗಿ ಮಾಡಬೇಕಾದ ಬಿಟ್ಟಿ ಚಾಕರಿ. ಅಜ್ಜಿಗೆ ಬಿಟ್ಟಿ ಚಾಕರಿ ಮಾಡುವ ಗಾಡಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ನಾನು ಹೇಳಿದೆ. ಈ ಇಡೀ ಕಾರ್ಯದಲ್ಲಿ ಮೊದಲಿಗೆ ನನ್ನಿಂದಾದ ಸಹಾಯ ಅಷ್ಟೇ.

ಆಜ್ಞೆ ಬೇರೆ, ಬಲ ಬೇರೆ

ಗಾಡಿಗೆ ಬೇಕಾದ ಸಾಮಾನುಗಳು ಹೆಚ್ಚೇನಲ್ಲ. ಹಳದಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಲ್ಲುಗಾಲಿಗಳ ಸಮೇತ ಅಡಗಿರುವ ಎರಡು ಪುಟ್ಟ ಮೋಟಾರುಗಳು, ಎರಡು ಚಕ್ರಗಳು, ಕಪ್ಪು ಗೆರೆಯನ್ನು ಗುರುತಿಸುವ ಎರಡು ‘ಕಣ್ಣು’ಗಳು, ನಾಲ್ಕು ಪೆನ್ಸಿಲ್ ಸೆಲ್ಲುಗಳು, ಇವೆಲ್ಲಕ್ಕೂ ಬುದ್ಧಿ ಹೇಳಲು ಆರ್ಡುಯಿನೊ ಎಂಬ ಒಂದು ಸಣ್ಣ ಹಲಗೆ. ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಇಂಜಿನಿಯರುಗಳಲ್ಲದ ವಿದ್ಯಾರ್ಥಿಗಳಿಗೂ ಅನುಕೂಲವಾಗಲೆಂದು ೨೦೦೫ರಲ್ಲಿ ರೂಪುಗೊಂಡ ಈ ಹಲಗೆ ಇಂದು ನಮ್ಮ ಶಾಲೆಗಳ ಮಕ್ಕಳ ಕೈಗೂ ಬಂದಿದೆ.

ಪುಟ್ಟಿ ಮೊದಲು ಮಾಡಿದ ಕೆಲಸವೆಂದರೆ ಮೋಟಾರಿನ ಒಂದು ತಂತಿಯನ್ನು ತೆಗೆದು ನೇರವಾಗಿ ಆರ್ಡುಯಿನೊ ಹಲಗೆಯ ಪಿನ್ನಿಗೆ ಸಿಕ್ಕಿಸಿದ್ದು. ‘ಓಡು’ ಎಂದು ಅಪ್ಪಣೆ ಕೊಡುವುದು ಆ ಪಿನ್ನೇ ತಾನೆ? ಮೋಟಾರು ಮಿಸುಕಲಿಲ್ಲ. ಅಷ್ಟೇ ಅಲ್ಲ, ಆ ಪಿನ್ನು ಅಂದಿನಿಂದ ಇಂದಿನವರೆಗೆ ಯಾವ ಅಪ್ಪಣೆಯನ್ನೂ ಕೊಟ್ಟಿಲ್ಲ, ಅದು ಸುಟ್ಟುಹೋಗಿತ್ತು.

ಏಕೆ ಹೀಗಾಯಿತು? ಲೆಕ್ಕ ಸರಳವಾಗಿದೆ. ಆರ್ಡುಯಿನೊ ಹಲಗೆಯ ಒಂದು ಪಿನ್ನು ನೆಮ್ಮದಿಯಿಂದ ಕೊಡಬಲ್ಲ ಕರೆಂಟು ೨೦ ಮಿಲಿ ಆಂಪಿಯರು. ೪೦ ಅದರ ಕಟ್ಟಕಡೆಯ ಮಿತಿ. ದೀಪದ ಒಂದು ಚುಕ್ಕೆಯನ್ನು ಬೆಳಗಿಸಲು ಅಷ್ಟು ಸಾಕು. ಆದರೆ ಆ ಹಳದಿ ಮೋಟಾರು ಯಾವ ಭಾರವೂ ಇಲ್ಲದೆ ಸುಮ್ಮನೆ ತಿರುಗುವಾಗಲೇ ೧೫೦ರಿಂದ ೨೦೦ ಮಿಲಿ ಆಂಪಿಯರು ಕೇಳುತ್ತದೆ. ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರೆ ಬೇಡಿಕೆ ೧ ಆಂಪಿಯರಿನ, ಎಂದರೆ ೧೦೦೦ ಮಿಲಿ ಆಂಪಿಯರಿನ, ಆಸುಪಾಸಿಗೆ ಏರುತ್ತದೆ.

ನಿಂತ ಮೋಟಾರು ಓಡುವ ಮೋಟಾರಿಗಿಂತ ಹೆಚ್ಚು ಉಣ್ಣುವುದೆಂದರೆ ವಿಚಿತ್ರವಲ್ಲವೆ? ಇದಕ್ಕೆ ಕಾರಣವುಂಟು. ೧೮೭೩ರಲ್ಲಿ ವಿಯೆನ್ನಾ ನಗರದ ವಸ್ತುಪ್ರದರ್ಶನದಲ್ಲಿ, ಗ್ರಾಮ್ ಎಂಬಾತನ ವಿದ್ಯುತ್ ತಯಾರಿಸುವ ಯಂತ್ರವೊಂದಕ್ಕೆ ಅಂಥದೇ ಇನ್ನೊಂದು ಯಂತ್ರದಿಂದ ಕರೆಂಟು ಕೊಟ್ಟಾಗ ಅದು ಮೋಟಾರಾಗಿ ತಿರುಗಿ ತೋರಿಸಿತು. ಡೈನಮೋ ಮತ್ತು ಮೋಟಾರು ಎರಡಲ್ಲ, ಒಂದೇ ವಸ್ತುವಿನ ಎರಡು ಮುಖಗಳು. ಆದ್ದರಿಂದ ತಿರುಗುತ್ತಿರುವ ಮೋಟಾರು ತಾನೂ ಸ್ವಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ಬ್ಯಾಟರಿಗೆ ಎದುರಾಗಿ ನಿಂತು, ಬರುವ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ಚಕ್ರ ನಿಂತರೆ ಈ ಎದುರೊತ್ತು ಇಲ್ಲವಾಗುತ್ತದೆ. ಆಗ ಉಳಿಯುವ ತಡೆ ಒಳಗಿನ ತಾಮ್ರದ ಸುರುಳಿಯದು ಮಾತ್ರ, ಕರೆಂಟು ನುಗ್ಗುತ್ತದೆ. ಗಾಡಿ ಹೊರಡುವ ಪ್ರತಿಯೊಂದು ಕ್ಷಣದಲ್ಲಿಯೂ ಮೋಟಾರು ನಿಂತ ಸ್ಥಿತಿಯಿಂದಲೇ ಹೊರಡಬೇಕಾದುದರಿಂದ, ಪ್ರತಿಯೊಂದು ಹೊರಡುವಿಕೆಯೂ ಇಂಥ ಒಂದು ನುಗ್ಗಾಟವೇ.

ನಮ್ಮ ಹಳ್ಳಿಯ ಕೆರೆಗಳನ್ನು ನೆನೆದುಕೊಳ್ಳಿ. ಇಂದು ಯಾವ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನಿಸುವವರು ಊರಿನ ಹಿರಿಯರು. ಅವರು ಕೊಡ ಹೊತ್ತು ಗದ್ದೆಗೆ ನೀರು ಸುರಿಯುವುದಿಲ್ಲ; ಸುರಿಯಹೊರಟರೆ ಅವರ ಸೊಂಟ ಉಳಿಯುವುದೂ ಇಲ್ಲ. ಅವರ ಮಾತನ್ನು ಕೇಳಿ ತೂಬನ್ನು ಎತ್ತುವವನು ನೀರಗಂಟಿ. ಎತ್ತುವುದಕ್ಕೆ ಬೇಕಾದುದು ಅಲ್ಪ ಬಲ. ಹರಿಯುವುದು ಕೆರೆಯ ನೀರು. ಇಲ್ಲಿ ಬ್ಯಾಟರಿಯೇ ಕೆರೆ, ಮೋಟಾರೇ ಗದ್ದೆ, ಆರ್ಡುಯಿನೊ ಊರಿನ ಹಿರಿಯ. ಇವರ ನಡುವೆ ನಿಲ್ಲುವ ನೀರಗಂಟಿಯೇ ‘ಮೋಟಾರ್ ಡ್ರೈವರ್’ ಎಂಬ ಬೋರ್ಡು. ಅದರೊಳಗಿನ ತೂಬುಗಳು ಟ್ರಾನ್ಸಿಸ್ಟರುಗಳು. ೧೯೪೭ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಮೊದಲ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹತೋಟಿಯಲ್ಲಿಡುವುದೇ ಅದರ ಗುಣ.

ಎಚ್ ಅಕ್ಷರದ ಸೇತುವೆ

ಗಾಡಿ ಮುಂದಕ್ಕೆ ಹೋದರೆ ಸಾಲದು, ತಿರುಗಲೂ ಬೇಕು, ಹಿಂದಕ್ಕೂ ಬರಬೇಕು. ಇಂಥ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಆದರೆ ಓಡುವ ಗಾಡಿಯ ಹಿಂದೆ ಓಡಿ ತಂತಿ ಬದಲಿಸುವವರು ಯಾರು?

ಇದಕ್ಕಾಗಿ ಇಂಜಿನಿಯರುಗಳು ಒಂದು ಜಾಣ್ಮೆಯ ಕಟ್ಟಡವನ್ನು ಕಂಡುಕೊಂಡಿದ್ದಾರೆ. ಇಂಗ್ಲಿಷಿನ ಎಚ್ ಅಕ್ಷರವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ನಮ್ಮ ಕನ್ನಡದ ಅಕ್ಷರಗಳೆಲ್ಲ ಬಳುಕುವ ಸುಂದರಿಯರು. ಈ ಕೆಲಸಕ್ಕೆ ಅವು ಒದಗಲಿಲ್ಲ. ಎಚ್ ಅಕ್ಷರದ ನಡುವಿನ ಅಡ್ಡಗೆರೆಯಲ್ಲಿ ಮೋಟಾರನ್ನು ಕೂರಿಸಿ. ಎರಡು ಕಂಬಗಳ ಮೇಲರ್ಧ, ಕೆಳಗರ್ಧಗಳಲ್ಲಿ ಒಂದೊಂದರಂತೆ ನಾಲ್ಕು ತೂಬುಗಳು. ಮೇಲ್ತುದಿಗಳು ಬ್ಯಾಟರಿಯ ಧನ ತುದಿಗೂ ಕೆಳತುದಿಗಳು ಋಣ ತುದಿಗೂ ಸೇರಿವೆ. ಎಡಗಡೆಯ ಮೇಲಿನ ತೂಬನ್ನೂ ಬಲಗಡೆಯ ಕೆಳಗಿನ ತೂಬನ್ನೂ ತೆರೆದರೆ ಕರೆಂಟು ಮೋಟಾರಿನಲ್ಲಿ ಎಡದಿಂದ ಬಲಕ್ಕೆ ಹರಿಯುತ್ತದೆ. ಉಳಿದೆರಡನ್ನು ತೆರೆದರೆ ಬಲದಿಂದ ಎಡಕ್ಕೆ. ತಂತಿ ಇದ್ದಲ್ಲಿಯೇ ಇದೆ, ದಿಕ್ಕು ಬದಲಾಯಿತು. ಇದನ್ನು ‘ಎಚ್ ಸೇತುವೆ’ ಎನ್ನುತ್ತಾರೆ.

ಇದರಲ್ಲಿ ಒಂದು ಅಪಾಯವಿದೆ. ಒಂದೇ ಕಂಬದ ಮೇಲಿನ ಮತ್ತು ಕೆಳಗಿನ ತೂಬುಗಳು ಕೂಡಿ ತೆರೆದವೋ, ಬ್ಯಾಟರಿಯ ಎರಡು ತುದಿಗಳೂ ನೇರವಾಗಿ ಕೂಡಿಕೊಂಡು ಎಲ್ಲವೂ ಸುಡುತ್ತದೆ. ಕೈಯಿಂದಲೇ ಟ್ರಾನ್ಸಿಸ್ಟರುಗಳನ್ನು ಜೋಡಿಸಹೊರಟವರಿಗೆ ಈ ಅನುಭವ ಹೊಸದಲ್ಲ. ಸಿದ್ಧವಾಗಿ ಸಿಗುವ ಡ್ರೈವರ್ ಚಿಪ್ಪುಗಳಲ್ಲಿ ಹೀಗಾಗದಂತೆ ಒಳಗೇ ಕಟ್ಟುಪಾಡು ಮಾಡಿರುತ್ತಾರೆ.

ಇನ್ನು ಇನ್ನೊಂದು ಕಾಟ. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಗಕ್ಕನೆ ನಿಲ್ಲಿಸಿದರೆ ಅದು ಒಪ್ಪುವುದಿಲ್ಲ. ಎತ್ತರದ ವೋಲ್ಟೇಜನ್ನು ಚಿಮ್ಮಿಸಿ ಎದುರಿಗೆ ಸಿಕ್ಕ ಟ್ರಾನ್ಸಿಸ್ಟರನ್ನು ಒಡೆದುಹಾಕುತ್ತದೆ. ತೂಬು ಮುಚ್ಚಿದಾಗ ಹೆಚ್ಚಿನ ನೀರು ಕೋಡಿಯಿಂದ ಹರಿದುಹೋಗುವಂತೆ, ಈ ಚಿಮ್ಮುವಿಕೆಗೆ ದಾರಿ ಬಿಡಲು ಡಯೋಡುಗಳನ್ನು ಇಟ್ಟಿರುತ್ತಾರೆ.

ವೇಗವನ್ನು ತಗ್ಗಿಸುವ ಉಪಾಯವೂ ಸ್ವಾರಸ್ಯವಾದದ್ದು. ತೂಬನ್ನು ಅರ್ಧ ತೆರೆಯುವುದಿಲ್ಲ. ಪೂರ್ತಿ ತೆರೆದು ಪೂರ್ತಿ ಮುಚ್ಚುವುದನ್ನೇ ಅತಿ ವೇಗದಲ್ಲಿ ಮಾಡುತ್ತಾರೆ. ಆರ್ಡುಯಿನೊ ಹಲಗೆಯ ಹಲವು ಪಿನ್ನುಗಳಲ್ಲಿ ಇದು ಸೆಕೆಂಡಿಗೆ ಸುಮಾರು ೪೯೦ ಸಲ ನಡೆಯುತ್ತದೆ. ತೆರೆದಿರುವ ಹೊತ್ತಿನ ಪಾಲನ್ನು ೦ಯಿಂದ ೨೫೫ರವರೆಗಿನ ಒಂದು ಅಂಕೆಯಿಂದ ಹೇಳಬಹುದು. ೨೫೫ ಎಂದರೆ ಸದಾ ತೆರೆದದ್ದು. ೧೨೭ ಎಂದರೆ ಸರಿಸುಮಾರು ಅರ್ಧ ಹೊತ್ತು. ಮೋಟಾರಿಗೆ ಮುಟ್ಟುವುದು ಇದರ ಸರಾಸರಿ.

ನಾನು ತಂದ ಡ್ರೈವರು

ಈ ವಿದ್ಯೆಯೆಲ್ಲ ನನಗೆ ಆಮೇಲೆ ಬಂದದ್ದು. ಆಗ ನನಗೆ ತಿಳಿದಿದ್ದುದು ಇಷ್ಟೆ: ಮೌಲ್ಯಮಾಪನದ ಕೆಲಸಕ್ಕಾಗಿ ನಾನು ಬೆಂಗಳೂರಿಗೆ ಹೊರಟಿದ್ದೆ, ಪುಟ್ಟಿ ಒಂದು ಚೀಟಿಯಲ್ಲಿ ‘ಟಿಬಿ ೬೬೧೨’ ಎಂದು ಬರೆದು, “ಮಾವ, ಎಸ್. ಪಿ. ರಸ್ತೆಯಲ್ಲಿ ಇದು ಸಿಗುತ್ತದಂತೆ” ಎಂದು ನನ್ನ ಜೇಬಿಗೆ ಹಾಕಿದಳು.

ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಹೆಸರಾದ ಆ ಇಕ್ಕಟ್ಟಿನ ಬೀದಿಯಲ್ಲಿ ಒಂದು ಅಂಗಡಿಯವನು ಎರಡು ಬೋರ್ಡುಗಳನ್ನು ನನ್ನ ಮುಂದಿಟ್ಟ. ಚೀಟಿಯಲ್ಲಿದ್ದುದು ಅಂಚೆ ಚೀಟಿಯಷ್ಟು ಚಿಕ್ಕದು. ಇನ್ನೊಂದು ಎಲ್ ೨೯೮. ಅಂಗೈಯಗಲ, ನೆತ್ತಿಯ ಮೇಲೆ ಅಲ್ಯೂಮಿನಿಯಮ್ಮಿನ ಕಪ್ಪು ರೆಕ್ಕೆಗಳು, ನೋಡುವುದಕ್ಕೇ ಗಂಭೀರವಾದ ಆಕೃತಿ. ಚಿಕ್ಕದು ಪ್ರತಿ ಮೋಟಾರಿಗೆ ೧.೨ ಆಂಪಿಯರು ಕೊಡುವುದೆಂದೂ ದೊಡ್ಡದು ೨ ಆಂಪಿಯರು ಕೊಡುವುದೆಂದೂ ಅವನು ಹೇಳಿದ. ದೊಡ್ಡದರ ಬೆಲೆಯೂ ಕಡಿಮೆ. ಎರಡು ೧.೨ಕ್ಕಿಂತ ದೊಡ್ಡದೆಂಬುದನ್ನು ತಿಳಿಯಲು ಗಣಿತದ ಎಂ.ಎ. ಬೇಕಾಗಿಲ್ಲವಷ್ಟೆ? ಚೀಟಿಯನ್ನು ಜೇಬಿಗೆ ಹಾಕಿಕೊಂಡು ದೊಡ್ಡದನ್ನು ಕೊಂಡು ತಂದೆ. ಪುಟ್ಟಿಯ ಮುಖ ಒಂದು ಗಳಿಗೆ ಸಪ್ಪಗಾಯಿತು. “ಇದೂ ಆಗುತ್ತದೆ, ಮಾವ” ಎಂದಳು. ಮಾವನ ಮಾತಿಗೆ ಎದುರಾಡುವ ಹುಡುಗಿಯಲ್ಲ.

ಪ್ರದರ್ಶನಕ್ಕೆ ಎರಡು ದಿನಗಳಿರುವಾಗ ಗಾಡಿ ಸಿದ್ಧವಾಯಿತು. ಕೈಯಲ್ಲಿ ಎತ್ತಿ ಹಿಡಿದರೆ ಚಕ್ರಗಳು ಗಿರ್ರನೆ ತಿರುಗುತ್ತಿದ್ದವು. ನೆಲಕ್ಕಿಟ್ಟರೆ ಕುಂಟುತ್ತ ನಡೆಯುತ್ತಿತ್ತು. ಮಾತ್ರೆಯ ಸ್ಟೀಲ್ ಡಬ್ಬಿಯನ್ನು ಹೇರಿದರೆ ಒಂದು ಸಲ ಮುಗ್ಗರಿಸಿ, ನಿಂತು, ಆರ್ಡುಯಿನೊ ದೀಪ ಮಿಣುಕಿ, ಮತ್ತೆ ಮೊದಲಿನಿಂದ ಎಲ್ಲವನ್ನೂ ಆರಂಭಿಸುತ್ತಿತ್ತು. ಮತ್ತೆ ಮುಗ್ಗರಿಸುತ್ತಿತ್ತು.

ಆ ಸಂಜೆ ನನ್ನ ತಲೆ ಬೇರೆ ಕಾರಣಗಳಿಂದ ಕೆಟ್ಟಿತ್ತು. “ಏನೋ ತಪ್ಪು ಬರೆದಿದ್ದೀಯೆ. ಅವಸರ ಅವಸರವಾಗಿ ಬರೆದರೆ ಹೀಗೇ. ಒಂದು ಸಲ ನೆಟ್ಟಗೆ ಓದಿ ತಿದ್ದಬಾರದೆ?” ಎಂದು, ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವ ಅಭ್ಯಾಸಬಲದಿಂದ ಗದರಿಬಿಟ್ಟೆ. ಅವಳು ಮಾತನಾಡಲಿಲ್ಲ. ರಾತ್ರಿ ಹನ್ನೊಂದು ಗಂಟೆಯಲ್ಲಿ ನಾನು ನೀರು ಕುಡಿಯಲು ಎದ್ದಾಗ, ಕಂಪ್ಯೂಟರಿನ ಮುಂದೆ ಕುಳಿತು, ತಾನು ಬರೆದ ಪ್ರೋಗ್ರಾಮನ್ನು ನಾಲ್ಕನೆಯ ಸಲ ಮೊದಲಿನಿಂದ ಬರೆಯುತ್ತಿದ್ದಳು. ಕಣ್ಣು ಕೆಂಪಗಾಗಿದ್ದುದು ನಿದ್ದೆಗೆಟ್ಟಿದ್ದಕ್ಕೆ ಮಾತ್ರವಲ್ಲ ಎಂಬುದು ನನಗೆ ಗೊತ್ತಾಯಿತು.

ಆರರಲ್ಲಿ ಎರಡು ಮಾಯ

ಮರುದಿನ ಸಂಜೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರನ್ನು ಮನೆಗೆ ಕರೆತಂದೆ. ಅವರು ಪ್ರೋಗ್ರಾಮನ್ನು ನೋಡಲೇ ಇಲ್ಲ. ಚೀಲದಿಂದ ಮಲ್ಟಿಮೀಟರನ್ನು ತೆಗೆದು, ಡಬ್ಬಿ ಹೊತ್ತು ತೆವಳುತ್ತಿದ್ದ ಗಾಡಿಯ ಬ್ಯಾಟರಿಗೆ ಮುಟ್ಟಿಸಿದರು: ೫.೬ ವೋಲ್ಟು. ಮೋಟಾರಿನ ತುದಿಗಳಿಗೆ ಮುಟ್ಟಿಸಿದರು: ೩.೫.

“ಮೇಷ್ಟ್ರೇ, ಹುಡುಗಿ ಬರೆದದ್ದು ಸರಿಯಾಗಿಯೇ ಇರಬೇಕು. ಎರಡು ವೋಲ್ಟು ನಡುವೆ ಎಲ್ಲೋ ಮಾಯವಾಗಿದೆ. ಈ ಬೋರ್ಡನ್ನು ಆರಿಸಿದವರು ಯಾರು?” ಎಂದರು. ಪುಟ್ಟಿ ನೆಲವನ್ನು ನೋಡಿದಳು. ನಾನು, “ನಾನೇ” ಎಂದೆ.

ಅವರು ವಿವರಿಸಿದುದನ್ನು ಸಂಗ್ರಹವಾಗಿ ಹೇಳುತ್ತೇನೆ. ಎಲ್ ೨೯೮ ಕೆಟ್ಟ ಚಿಪ್ಪಲ್ಲ. ೪೬ ವೋಲ್ಟಿನವರೆಗೆ ತಾಳುವ ಗಟ್ಟಿ ಆಳು. ೧೨ ಅಥವಾ ೨೪ ವೋಲ್ಟಿನ ಮೋಟಾರುಗಳಿಗೆ ಅದು ತಕ್ಕದ್ದು. ಆದರೆ ಅದರೊಳಗಿರುವುದು ಹಳೆಯ ಬಗೆಯ ಟ್ರಾನ್ಸಿಸ್ಟರುಗಳು. ಕರೆಂಟು ಮೇಲಿನ ತೂಬೊಂದನ್ನೂ ಕೆಳಗಿನ ತೂಬೊಂದನ್ನೂ ದಾಟಿ ಹೋಗುವಷ್ಟರಲ್ಲಿ ವೋಲ್ಟೇಜಿನ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ೧ ಆಂಪಿಯರು ಹರಿಯುವಾಗ ಈ ನಷ್ಟ ೧.೮ರಿಂದ ೩.೨ ವೋಲ್ಟಿನವರೆಗೂ ಇರಬಹುದೆಂದು ಅದರ ಮಾಹಿತಿ ಪತ್ರದಲ್ಲಿಯೇ ಅಚ್ಚಾಗಿದೆ. ೨೪ ವೋಲ್ಟಿನಲ್ಲಿ ಎರಡು ಹೋದರೆ ಯಾರೂ ಕೇಳುವುದಿಲ್ಲ. ಆರರಲ್ಲಿ ಎರಡು ಹೋದರೆ? ಆರು ರೂಪಾಯಿ ಕೊಟ್ಟು ಕಳುಹಿಸಿದ ಸಾಮಾನಿಗೆ ದಲ್ಲಾಳಿಯೇ ಎರಡು ರೂಪಾಯಿ ಹಿಡಿದುಕೊಂಡಂತಾಯಿತು. ಕಳೆದುಹೋದದ್ದು ಎಲ್ಲಿಯೂ ಹೋಗುವುದಿಲ್ಲ, ಶಾಖವಾಗುತ್ತದೆ. ೨ ವೋಲ್ಟು ನಷ್ಟದಲ್ಲಿ ೧ ಆಂಪಿಯರು ಹರಿದರೆ ೨ ವ್ಯಾಟಿನಷ್ಟು ಶಾಖ. ನಾನು ಗಾಂಭೀರ್ಯವೆಂದು ಮೆಚ್ಚಿಕೊಂಡಿದ್ದ ಆ ಕಪ್ಪು ರೆಕ್ಕೆಗಳು ಈ ನಷ್ಟದ ಬಿಸಿಯನ್ನು ಗಾಳಿಗೆ ಚೆಲ್ಲುವುದಕ್ಕಾಗಿಯೇ ಇರತಕ್ಕವು!

ಪುಟ್ಟಿ ಬರೆದುಕೊಟ್ಟಿದ್ದ ಚಿಕ್ಕ ಬೋರ್ಡಿನಲ್ಲಿರುವುದು ತೋಷಿಬಾ ಸಂಸ್ಥೆಯ ಚಿಪ್ಪು. ಅದರ ತೂಬುಗಳು ಮಾಸ್ಫೆಟ್ ಎಂಬ ಬೇರೊಂದು ಬಗೆಯವು. ಅಟಲ್ಲಾ ಮತ್ತು ಕಾಂಗ್ ಎಂಬುವರು ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿ ೧೯೬೦ರಲ್ಲಿ ಪ್ರಕಟಪಡಿಸಿದ ಟ್ರಾನ್ಸಿಸ್ಟರಿನ ವಂಶದವು. ತೆರೆದಾಗ ಅದರ ಮೇಲಿನ, ಕೆಳಗಿನ ತೂಬುಗಳೆರಡರ ತಡೆಯೂ ಕೂಡಿ ಸುಮಾರು ಅರ್ಧ ಓಮ್ ಮಾತ್ರ. ಅರ್ಧ ಆಂಪಿಯರು ಹರಿದರೆ ನಷ್ಟ ಕಾಲು ವೋಲ್ಟು. ಮೋಟಾರಿನ ಪೆಟ್ಟಿಗೆಯಲ್ಲಿ ಡಬ್ಬಿಯನ್ನು ಎಳೆಯುವ ತ್ರಾಣವಿತ್ತು. ಆ ತ್ರಾಣ ಅದರವರೆಗೆ ಮುಟ್ಟದಂತೆ ಮಾಡಿದವನು ನಾನು. ಅದೂ ಸಾಲದೆ, ಗಾಡಿ ಹೊರಡುವ ನುಗ್ಗಾಟದಲ್ಲಿ ಸೆಲ್ಲುಗಳು ಇನ್ನಷ್ಟು ಕುಗ್ಗಿ, ಅವುಗಳಿಂದಲೇ ಉಣ್ಣುತ್ತಿದ್ದ ಆರ್ಡುಯಿನೊ ಎಚ್ಚರ ತಪ್ಪಿ ಎದ್ದು, ಪುನಃ ಒಂದರಿಂದ ಪಾಠ ಹೇಳುತ್ತಿತ್ತು.

ರಾತ್ರಿ ಎಂಟು ಗಂಟೆ. ಮರುದಿನ ಪ್ರದರ್ಶನ. ಬೆಂಗಳೂರಿನಿಂದ ಹೊಸ ಬೋರ್ಡು ಬರುವಂತಿಲ್ಲ. ಉಪಾಯವನ್ನು ಹೇಳಿದವಳು ಪುಟ್ಟಿಯೇ: “ದಲ್ಲಾಳಿಗೆ ಎರಡು ಹೋಗಲಿ. ನಾವು ಹೆಚ್ಚಿಗೆ ಕೊಟ್ಟು ಕಳುಹಿಸೋಣ.” ಬೀದಿಯ ಕೊನೆಯ ಅಂಗಡಿಯಿಂದ ನಾನೇ ಓಡಿಹೋಗಿ ಸೆಲ್ಲುಗಳನ್ನು ತಂದೆ. ನಾಲ್ಕರ ಜೊತೆಗೆ ಇನ್ನೆರಡನ್ನು ಸಾಲಿನಲ್ಲಿ ಸೇರಿಸಿದಾಗ ೯ ವೋಲ್ಟಾಯಿತು. ಎರಡು ಹೋಗಿ ಏಳು ಉಳಿಯಿತು. ಮೋಟಾರು ಆರು ವೋಲ್ಟಿನದಾದುದರಿಂದ ವೇಗದ ಅಂಕೆಯನ್ನು ೨೫೫ರಿಂದ ೨೦೦ಕ್ಕೆ ಇಳಿಸಿದಳು. ಸರಾಸರಿ ಐದೂವರೆ ವೋಲ್ಟಿಗೆ ಬಂತು. ಅವಳ ಮೊದಲನೆಯ ಪ್ರೋಗ್ರಾಮಿನಲ್ಲಿ ಬದಲಾದದ್ದು ಆ ಒಂದು ಅಂಕೆ ಮಾತ್ರ. ಗಾಡಿ ಡಬ್ಬಿಯನ್ನು ಹೊತ್ತು ಕಪ್ಪು ಗೆರೆಯ ಮೇಲೆ ಹೊರಟಿತು.

“ನಿನ್ನನ್ನು ಸುಮ್ಮನೆ ಬೈದೆನಲ್ಲ, ಪುಟ್ಟಿ” ಎಂದೆ. “ಪರವಾಗಿಲ್ಲ, ಮಾವ. ಮುಂದಿನ ಸಲ ಚೀಟಿಯನ್ನು ನೋಡಿ ತನ್ನಿ” ಎಂದಳು.

ಕೊಳ್ಳುವವರಿಗೆ ನಾಲ್ಕು ಮಾತು

ನಮ್ಮಂತೆಯೇ ಮಕ್ಕಳ ಚೀಟಿಯನ್ನು ಹಿಡಿದು ಅಂಗಡಿಗೆ ಹೋಗುವ ತಾಯಿತಂದೆಯರಿಗೆ ಉಪಯೋಗವಾದೀತೆಂದು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, ಮೋಟಾರು ಓಡುವಾಗ ಕೇಳುವ ಕರೆಂಟನ್ನಲ್ಲ, ತಡೆದು ನಿಲ್ಲಿಸಿದಾಗ ಕೇಳುವ ಕರೆಂಟನ್ನು ತಿಳಿದುಕೊಂಡು ಡ್ರೈವರನ್ನು ಆರಿಸಬೇಕು. ಹಳೆಯ ಎಲ್ ೨೯೩ ಡಿ ಎಂಬ ಚಿಪ್ಪು ಪ್ರತಿ ಮೋಟಾರಿಗೆ ಎಡೆಬಿಡದೆ ಕೊಡಬಲ್ಲುದು ೬೦೦ ಮಿಲಿ ಆಂಪಿಯರು ಮಾತ್ರ. ಆಟಿಕೆಯ ಮೋಟಾರಿಗೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಸಾಲದು.

ಎರಡನೆಯದು, ನಾಲ್ಕಾರು ಸೆಲ್ಲುಗಳ ಗಾಡಿಗೆ ಮಾಸ್ಫೆಟ್ ಇರುವ ಡ್ರೈವರೇ ಲೇಸು. ಆದರೆ ಅದಕ್ಕೂ ಮಿತಿಯುಂಟು. ಟಿಬಿ ೬೬೧೨ ತಾಳುವ ಪರಮಾವಧಿ ೧೫ ವೋಲ್ಟು. ಅದಕ್ಕೆ ೨೪ ವೋಲ್ಟು ಕೊಟ್ಟರೆ ನಮ್ಮ ಪಿನ್ನಿಗಾದ ಗತಿಯೇ ಅದಕ್ಕೂ.

ಮೂರನೆಯದು, ಮೋಟಾರಿಗೆ ಬ್ಯಾಟರಿಯಿಂದಲೇ ಕರೆಂಟು ಹೋಗಬೇಕು, ಆರ್ಡುಯಿನೊ ಹಲಗೆಯ ೫ ವೋಲ್ಟಿನ ಪಿನ್ನಿನಿಂದಲ್ಲ. ಹಾಗೆಯೇ ಬ್ಯಾಟರಿ, ಡ್ರೈವರು, ಆರ್ಡುಯಿನೊ ಮೂರರ ಋಣ ತಂತಿಗಳನ್ನೂ ಒಂದುಗೂಡಿಸಲೇಬೇಕು. ಮಾತನಾಡುವ ಇಬ್ಬರಿಗೆ ಒಂದೇ ನೆಲೆ ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ನಾಲ್ಕನೆಯದು ಬೋರ್ಡಿಗೆ ಸಂಬಂಧಪಟ್ಟದ್ದಲ್ಲ. ಗಾಡಿ ನಿಂತಾಗ ಮಗುವನ್ನು ಗದರಿಸುವ ಮೊದಲು ಮೀಟರನ್ನು ಮುಟ್ಟಿಸಿ ನೋಡಬೇಕು. ಬುದ್ಧಿ ಸರಿಯಾಗಿದ್ದು, ಶಕ್ತಿಯೂ ಇದ್ದು, ಕೆಲಸ ಮಾತ್ರ ನಡೆಯದೆ ಇರುವುದುಂಟು. ಆಗ ನಡುವೆ ನಿಂತವನು ಎಷ್ಟು ಹಿಡಿದುಕೊಂಡಿದ್ದಾನೆಂದು ವಿಚಾರಿಸುವುದು ನ್ಯಾಯ. ನಮ್ಮ ಮನೆಯಲ್ಲಿ ಆ ನಡುವಿನವನು ನಾನೇ ಆಗಿದ್ದೆ.

ಪ್ರದರ್ಶನದಲ್ಲಿ ಪುಟ್ಟಿಗೆ ಬಹುಮಾನವೇನೂ ಬರಲಿಲ್ಲ. ಬಂದವರೊಬ್ಬರು ರೆಕ್ಕೆಯ ಬೋರ್ಡನ್ನು ತೋರಿಸಿ ಇದೇನೆಂದು ಕೇಳಿದಾಗ ಅವಳು ಕೆರೆ, ತೂಬು, ನೀರಗಂಟಿಯ ಕಥೆಯನ್ನು ಹೇಳಿದಳಂತೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ನಾನು ಚೀಟಿಯಲ್ಲಿದ್ದ ಚಿಕ್ಕ ಬೋರ್ಡನ್ನೇ ತಂದೆ. ಹೆಚ್ಚಿಗೆ ಹಾಕಿದ್ದ ಎರಡು ಸೆಲ್ಲುಗಳು ಈಗ ಗೋಡೆಯ ಗಡಿಯಾರದಲ್ಲಿವೆ. ವೇಗದ ಅಂಕೆ ಮತ್ತೆ ೨೫೫ಕ್ಕೆ ಏರಿದೆ.

ಹೊಸ ಡ್ರೈವರಿನೊಡನೆ ಗಾಡಿ ಮೊದಲ ಸಲ ಅಡಿಗೆಮನೆಯಿಂದ ಹೊರಟು, ನಡುಮನೆಯ ತಿರುವನ್ನು ದಾಟಿ, ಮಂಚದ ಬುಡಕ್ಕೆ ಬಂದು ನಿಂತಾಗ ಮನೆಯವರೆಲ್ಲ ಸುತ್ತ ನೆರೆದಿದ್ದೆವು. ನಮ್ಮ ತಾಯಿಯವರು ಬಗ್ಗಿ ಡಬ್ಬಿಯನ್ನು ಎತ್ತಿಕೊಂಡು, ಮುಚ್ಚಳ ತೆಗೆದು, ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಮೊಮ್ಮಗಳ ಮುಖವನ್ನೇ ನೋಡುತ್ತ ಹೇಳಿದರು:

“ಮಾತ್ರೆ ಏನೋ ಬಂತು ಕಣೇ. ನೀರು ತರೋರು ಯಾರು?”